ಮಾಪಿಳ್ಳೆ ಊರಿನ ಮೆರವಣಿಗೆ

ಜಯಂತಿ ಅಮೆರಿಕ ನೋಡಿದವಳಲ್ಲ. ಆದರೆ ಅಯೋವಾ ರಾಜ್ಯದ ಮೇಪಲ್ ಬೆಂಡ್ ಅನ್ನೋ ಪುಟ್ಟ ಊರಿನಲ್ಲಿ ಯಾರ ಮನೆ ನಾಯಿ ಯಾರ ಹೂವಿನ ಪಾತಿ ಕೆದರುತ್ತೆ, ಯಾವ ಬೀದಿಯ ದೀಪ ಮಿಣಮಿಣ ಅನ್ನುತ್ತೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನೋದೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಆ ಊರ ಕಚೇರಿಗೆ ಬೆಳಗಿನ ಹೊತ್ತು ಬರೋ ಫೋನೆಲ್ಲ ಸಮುದ್ರ ದಾಟಿ ತಮಿಳುನಾಡಿನ ಗಡಿಯೂರು ಹೊಸೂರಿನ ಆಲಸನತ್ತಂಗೆ ಬಂದು, ಹಾಲಿನ ಡೈರಿ ಎದುರಿನ ಒಂದು ಕೋಣೆಯೊಳಗೆ ಅವಳ ಕಿವಿಗೆ ಬೀಳುತ್ತಿದ್ದವು.

ಅದು ಹೀಗಾಗಿತ್ತು. ಮೇಪಲ್ ಬೆಂಡಿನ ಊರ ಕಚೇರಿಯಲ್ಲಿ ಇದ್ದದ್ದು ಒಬ್ಬಳೇ ಗುಮಾಸ್ತೆ, ಲೊರೆಟ್ಟಾ ಅಂತ. ಸ್ಕೂಲ್ ಬಸ್ ಓಡಿಸುತ್ತಿದ್ದ ಮುದುಕ ಮಂಡಿನೋವು ಅಂತ ಬಿಟ್ಟುಬಿಟ್ಟ. ಊರಲ್ಲಿ ಬೇರೆ ಯಾರೂ ಸಿಗದೆ ಆ ಬಸ್ಸೂ ಲೊರೆಟ್ಟಾಳ ಕೊರಳಿಗೇ ಬಿತ್ತು. ಅವಳು ಮಕ್ಕಳನ್ನೆಲ್ಲ ಸ್ಕೂಲಿಗೆ ಇಳಿಸಿ ಬರೋ ತನಕ ಕಚೇರಿ ಫೋನ್ ಎತ್ತೋರು ಬೇಕಲ್ಲ. ಹುಡುಕಿ ಹುಡುಕಿ ಕೊನೆಗೆ ಅವಳಿಗೆ ಸಿಕ್ಕಿದ್ದು ಹೊಸೂರಿನ ಬದರೀನಾಥ ಅವರ ಕಂಪನಿ. ಕಂಪನಿ ಅಂದರೆ ಐದು ಮೇಜು, ಐದು ಕಂಪ್ಯೂಟರ್, ಕಿಟಕಿ ಪಕ್ಕ ಒಂದು ಕಾಫಿ ಫ್ಲಾಸ್ಕು. ಅಲ್ಲಿ ಇದ್ದದ್ದು ಒಂದೇ ಕಟ್ಟಪ್ಪಣೆ. ಎಲ್ಲಿಂದ ಮಾತಾಡುತ್ತಿದ್ದೀರಿ ಅಂತ ಅವರು ಕೇಳದೆ ಹೇಳಬೇಡಿ, ಕೇಳಿದರೆ ಸುಳ್ಳು ಹೇಳಬೇಡಿ.

ಸುಮಾರು ಒಂದು ವರ್ಷದಿಂದ ಜಯಂತಿ ಆ ಊರಿನ ಫೋನ್ ಎತ್ತುತ್ತಿದ್ದಳು. ಯಾರೂ ಕೇಳಿರಲಿಲ್ಲ. ಅವಳ ಹೆಸರು ಅವರ ಬಾಯಲ್ಲಿ ಜಾಂಟಿ ಆಯಿತು. ಅವಳ ಇಂಗ್ಲಿಷ್ ಕೇಳಿ, ಹುಡುಗಿ ದಕ್ಷಿಣದ ಯಾವುದೋ ರಾಜ್ಯದಿಂದ ಬಂದಿರಬೇಕು ಅಂದುಕೊಂಡು ಅವರವರೇ ಸಮಾಧಾನ ಮಾಡಿಕೊಂಡಿದ್ದರು. ದಕ್ಷಿಣ ಅನ್ನೋದೇನೋ ನಿಜವೇ.

ಹೊಸೂರಿನದೇ ಮೂಕಂಡಪಲ್ಲಿಯ ಜಯಂತಿಯ ಮನೆಯಲ್ಲಿ ಅಜ್ಜಿ ಮುನಿಗಂಗಮ್ಮನಿಗೆ ಮಾತ್ರ ಮೊದಲ ದಿನದಿಂದಲೂ ಒಂದು ಅನುಮಾನ.

"ಅದ್ಯಾವೂರು ಅಂದೆ ಅಮ್ಮಿ?"

"ಮೇಪಲ್ ಬೆಂಡ್ ಕಣಜ್ಜಿ."

"ಮಾಪಿಳ್ಳೆ?" ಅಜ್ಜಿ ಎಲೆ ಅಡಿಕೆ ಜಗಿಯೋದು ನಿಲ್ಲಿಸಿದರು. ತಮಿಳಿನಲ್ಲಿ ಮಾಪಿಳ್ಳೆ ಅಂದರೆ ಅಳಿಯ. "ಊರು ತುಂಬಾ ಅಳಿಯಂದ್ರೇನಾ? ಹಂಗಾರೆ ಆ ಊರಾಗೆ ಕೆಲ್ಸ ಮಾಡೋರು ಯಾರು?"

ಅಂದಿನಿಂದ ಮನೆಯಲ್ಲಿ ಅದಕ್ಕೆ ಮಾಪಿಳ್ಳೆ ಊರು ಅಂತಲೇ ಹೆಸರು. ರಾತ್ರಿ ಊಟಕ್ಕೆ ಕೂತರೆ ಅಜ್ಜಿ, "ಇವತ್ತು ಮಾಪಿಳ್ಳೆ ಊರಾಗೆ ಏನು ಸಮಾಚಾರ?" ಅಂತ ಕೇಳೋರು. ಜಯಂತಿ ಹೇಳೋಳು. ಕಸದ ಲಾರಿ ಬರಲಿಲ್ಲ ಅಂತ ಒಬ್ಬರು, ಮರದ ಕೊಂಬೆ ಕರೆಂಟು ತಂತಿ ಮೇಲೆ ಬಿದ್ದಿದೆ ಅಂತ ಇನ್ನೊಬ್ಬರು. ಒಬ್ಬನಂತೂ, ಪಕ್ಕದ ಮನೆಯೋನ ಹುಂಜ ಬೆಳಗಾಗೋಕೆ ಮೊದಲೇ ಕೂಗುತ್ತೆ, ಊರಿನ ಕಾನೂನಿನಲ್ಲಿ ಹುಂಜ ಕೂಗೋಕೆ ಹೊತ್ತು ಗೊತ್ತು ಮಾಡಿದ್ದಾರಾ ನೋಡಿ ಹೇಳಿ ಅಂತ ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದ. ಜಯಂತಿಯ ಅಪ್ಪ ದೇವರಾಜು ಕಾರ್ಖಾನೆಯಲ್ಲಿ ಮೊದಲನೇ ಶಿಫ್ಟು ದುಡಿದು ಬಂದು ಸುಸ್ತಾಗಿರುತ್ತಿದ್ದ, ಮಾತು ಕಡಿಮೆ. ಹುಂಜದ ಕತೆ ಬಂದಾಗ ಮಾತ್ರ ಅವನೂ ತುತ್ತು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದ.

ಇನ್ನು ಎಡ್ನಾ ಅಂತ ಒಬ್ಬಾಕೆ, ತೊಂಬತ್ತು ದಾಟಿದ ಅಜ್ಜಿ. ಅವರದು ದಿನಾ ಫೋನು. ಅಂಚೆ ಕಚೇರಿ ಮೇಲಿನ ಬಾವುಟ ಗಾಳಿಗೆ ಕಂಬಕ್ಕೆ ಸುತ್ತಿಕೊಂಡಿದೆ, ಯಾರಿಗಾದರೂ ಹೇಳಿ ಬಿಡಿಸಮ್ಮ ಅನ್ನೋದು ನೆಪ. ಆಮೇಲೆ ಬಾವುಟ ಮರೆತು, ಸೇಬಿನ ಕಡುಬು ಹೇಗೆ ಮಾಡಬೇಕು, ತಮ್ಮ ಗಂಡ ಕುಣಿಯೋದರಲ್ಲಿ ಎಷ್ಟು ದಡ್ಡನಾಗಿದ್ದ, ಈ ವರ್ಷ ಚಳಿ ಬೇಗ ಬರುತ್ತೆ ಅನ್ನೋಕೆ ಅಳಿಲುಗಳು ಹೇಗೆ ಓಡಾಡುತ್ತಿವೆ, ಎಲ್ಲ ಬರುತ್ತಿತ್ತು. ಜಯಂತಿಗೆ ಅವರ ಫೋನ್ ಬಂದ ಮೇಲೇ ಕೆಲಸ ಶುರುವಾದ ಹಾಗೆ.

ಆ ಊರಿನ ನಕ್ಷೆಯನ್ನು ಜಯಂತಿ ತುಂಡು ತುಂಡಾಗಿ ಪ್ರಿಂಟ್ ತೆಗೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಳು. ಮೇನ್ ಸ್ಟ್ರೀಟ್, ಚರ್ಚು, ಕಾರು ತೊಳೆಯೋ ಅಂಗಡಿ, ನೀರಿನ ಟ್ಯಾಂಕು, ಎಲ್ಲ ಅದರಲ್ಲಿ. ಫೋನ್ ಬಂದರೆ ಕಣ್ಣು ತಾನಾಗಿ ಆ ಬೀದಿಗೆ ಹೋಗಿ ನಿಲ್ಲುತ್ತಿತ್ತು. ಮಾರ್ಚ್ ತಿಂಗಳ ಒಂದು ಸಂಜೆ, ಹೊಸೂರಿನಲ್ಲಿ ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ ಇದ್ದಾಗ, ಪಕ್ಕದ ಮೇಜಿನ ವಂಶಿ ಫ್ಯಾನ್ ಹಾಕೋಕೆ ಎದ್ದರೆ, "ಬೇಡಪ್ಪ, ಹೊರಗೆ ಹಿಮ ಬೀಳ್ತಿದೆ" ಅಂತ ದುಪಟ್ಟ ತಲೆ ಮೇಲೆ ಎಳೆದುಕೊಂಡಿದ್ದಳು. ವಂಶಿ ಅದನ್ನು ಎಲ್ಲರಿಗೂ ಹೇಳಿಕೊಂಡು ನಕ್ಕ. ಅವಳೂ ನಕ್ಕಳು. ಆದರೆ ಅವತ್ತು ಅವಳಿಗೆ ನಿಜವಾಗಿಯೂ ಚಳಿ ಆಗಿತ್ತು.

ಆಗಸ್ಟ್ ತಿಂಗಳ ಒಂದು ಸಂಜೆ ವೇಯ್ನ್ ಅನ್ನೋ ರೈತ ಫೋನ್ ಮಾಡಿದ. ಅವನ ಊರಲ್ಲಿ ಆಗಿನ್ನೂ ಬೆಳಿಗ್ಗೆ. ಏದುಸಿರು ಬಿಡುತ್ತಿದ್ದ.

"ಜಾಂಟಿ, ನನ್ನ ಕಡಸು ಬೇಲಿ ಹಾರಿದೆ. ಮೇನ್ ಸ್ಟ್ರೀಟ್ ಕಡೆಗೇ ಓಡಿದ್ದು. ನಿನ್ನ ಕಿಟಕಿಯಿಂದ ಸ್ವಲ್ಪ ನೋಡಮ್ಮ. ಕೆಂಪು ಬಣ್ಣ, ಮುಖ ಬಿಳಿ."

ಜಯಂತಿ ದನ ಕಟ್ಟಿದ ಮನೆಯ ಹುಡುಗಿ. ರಾಯಕೋಟೆ ಹತ್ತಿರದ ಹಳ್ಳಿಯಲ್ಲಿ, ಅಪ್ಪ ಕಾರ್ಖಾನೆಗೆ ಸೇರೋಕೆ ಮೊದಲು, ಹಗ್ಗ ಕಿತ್ತುಕೊಂಡ ಹಸುವಿನ ಹಿಂದೆ ಅವಳು ಓಡಿದ್ದು ಒಂದು ಸಲವಲ್ಲ. ತಪ್ಪಿಸಿಕೊಂಡ ಹಸು ಅಂದ ತಕ್ಷಣ ಅವಳ ಕತ್ತು ಕಿಟಕಿ ಕಡೆಗೆ ತಿರುಗಿತು. ಕಿಟಕಿಯಾಚೆ, ಡೈರಿ ಮುಂದೆ, ಒಂದು ಕೆಂಪು ಸೀಮೆಹಸು ನಿಂತಿತ್ತು. ಮುಖ ಬಿಳಿ.

"ಇದೆ ಸರ್, ಇಲ್ಲೇ ನಿಂತಿದೆ" ಅಂದಳು. "ರಟ್ಟಿನ ಡಬ್ಬ ತಿಂತಾ ಇದೆ."

"ಅದೇ ಅದು" ಅಂದ ವೇಯ್ನ್. "ಸಿಕ್ಕಿದ್ದೆಲ್ಲ ತಿನ್ನುತ್ತೆ ಮುಂಡೇದು. ನಾನು ಈಗಲೇ ಬಂದೆ. ಅಲ್ಲಿ ತನಕ ಹಿಡಿದುಕೊಂಡಿರೋಕೆ ಆಗುತ್ತಾ?"

"ಆಗುತ್ತೆ ಸರ್, ನೀವು ನಿಧಾನಕ್ಕೆ ಬನ್ನಿ."

ಕಿವಿಯಿಂದ ಹೆಡ್‌ಫೋನ್ ಕಿತ್ತಿಟ್ಟು ಜಯಂತಿ ಹೊರಗೆ ಓಡಿದಳು. ಚಪ್ಪಲಿ ಮೆಟ್ಟೋಕೂ ನಿಲ್ಲಲಿಲ್ಲ. ಹಸು ಒಮ್ಮೆ ಕೊಂಬು ಆಡಿಸಿ ಹೆದರಿಸಿ ನೋಡಿತು. ಅವಳು "ಹೋ, ಹೋ, ನಿಲ್ಲವ್ವಾ" ಅಂತ ಗಂಗೆದೊಗಲು ನೇವರಿಸಿ, ನೆಲದಲ್ಲಿ ಎಳೆದಾಡುತ್ತಿದ್ದ ಹಗ್ಗ ಹಿಡಿದು, ಕಚೇರಿ ಗೇಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಆಮೇಲೆ ಅದರ ಬಾಯಿಂದ ರಟ್ಟು ಎಳೆಯುತ್ತಾ ನಿಂತಳು. ತಾನು ಮಾಡಿದ ಕೆಲಸದ ಬಗ್ಗೆ ಅವಳಿಗೆ ಬಹಳ ತೃಪ್ತಿ ಇತ್ತು.

ಡೈರಿಯಿಂದ ಖಾಲಿ ಕ್ಯಾನು ಹಿಡಿದು ಚೆಲುವಮ್ಮ ಹೊರಗೆ ಬಂದದ್ದು ಆಗ. ಎರಡು ಬೀದಿ ಆಚೆಯ ಹೆಂಗಸು, ಹಸು ಅವಳದು.

"ಯಾಕಮ್ಮಿ ನನ್ನ ಹಸ ಕಟ್ಟಾಕ್ದೆ?"

"ಅವ್ರು ಬತ್ತಾವ್ರೆ ಇರಕ್ಕಾ. ಇನ್ನೇನು ಬಂದ್ಬುಡ್ತಾರೆ."

"ಯಾರು ಬತ್ತಾವ್ರೆ?"

"ಹಸಿನೋರು. ಅಮೆರಿಕದಿಂದ..." ಅಂದಳು ಜಯಂತಿ.

ಆ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಅವಳಿಗೆ ಬುದ್ಧಿ ಬಂತು. ಬೋಂಡಾ ಗಾಡಿಯ ಹೊಗೆ, ಗುಲಾಬಿ ಹೂವಿನ ಕ್ರೇಟು ತುಂಬಿದ ಟೆಂಪೋ, ತಮಿಳಿನಲ್ಲಿ ಬರೆದ ಡೈರಿಯ ಬೋರ್ಡು, ಎಲ್ಲ ಒಂದೊಂದಾಗಿ ಕಣ್ಣಿಗೆ ಕಾಣಿಸಿದವು. ಚೆಲುವಮ್ಮ ಅವಳ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ" ಅಂತ ಡೈರಿ ಮುಂದೆ ಸೇರಿದ್ದವರಿಗೆ ತಿಳಿಸಿ, ಹಸು ಬಿಚ್ಚಿಕೊಂಡು ಹೊರಟಳು.

ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಜಯಂತಿ ಓಡಿ ಬಂದು ಎತ್ತಿದಳು.

"ಜಾಂಟಿ, ನಾನು ಕಚೇರಿ ಮುಂದೆ ನಿಂತಿದೀನಿ" ಅಂದ ವೇಯ್ನ್. "ಬಾಗಿಲಿಗೆ ಬೀಗ. ಹಸುವೂ ಇಲ್ಲ, ನೀನೂ ಇಲ್ಲ. ಎಲ್ಲಿದೀಯಮ್ಮ?"

ಕೇಳಿದರೆ ಸುಳ್ಳು ಹೇಳಬಾರದು. ಬದರೀನಾಥ ತಮ್ಮ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದರು.

"ಸರ್, ನಾನು ಇಂಡಿಯಾದಲ್ಲಿದೀನಿ. ಹೊಸೂರು ಅಂತ ಊರು. ಹಸು ಇದ್ದದ್ದು ನಿಜ ಸರ್, ಆದರೆ ಅದೂ ಇಂಡಿಯಾದ್ದೇ."

ಆ ಕಡೆ ಏನೋ ಉಸಿರು ಸಿಕ್ಕಿಹಾಕಿಕೊಂಡ ಹಾಗೆ ಕೇಳಿಸಿತು. ಅಯ್ಯೋ, ಗಂಡಸು ಅಳುತ್ತಿದ್ದಾನೆ ಅಂದುಕೊಂಡಳು. ಅಳುತ್ತಿರಲಿಲ್ಲ. ವೇಯ್ನ್ ನಗುತ್ತಿದ್ದ. ನಿಲ್ಲಿಸೋಕಾಗದೆ, ಬಾಗಿಲ ಮೆಟ್ಟಿಲ ಮೇಲೆ ಕೂತುಕೊಂಡು, ದಾರಿಯಲ್ಲಿ ಹೋಗೋ ಒಬ್ಬೊಬ್ಬರನ್ನೂ ಕರೆದು, "ಜಾಂಟಿ ಹಸು ಹಿಡಿದಿದ್ದಾಳಂತೆ, ಇಂಡಿಯಾದಲ್ಲಿ" ಅಂತ ಹೇಳಿ ಮತ್ತೆ ನಗುತ್ತಿದ್ದ. ಅವನ ಕಡಸು ಅಷ್ಟು ಹೊತ್ತಿಗೆ ಕಾರು ತೊಳೆಯೋ ಅಂಗಡಿಯೊಳಗೆ ನುಗ್ಗಿ, ತಿರುಗೋ ಬ್ರಷ್ಷುಗಳ ನಡುವೆ ಸೋಪಿನ ನೊರೆಯಲ್ಲಿ ಮಿಂದು, ಹೊರಗೆ ಬರೋಕೆ ಒಪ್ಪದೆ ಸುಖವಾಗಿ ನಿಂತಿತ್ತು.

ಬದರೀನಾಥ ತಲೆ ಮೇಲೆ ಕೈ ಹೊತ್ತು ಕೂತರು. "ಹೋಯ್ತು ಜಯಂತಿ" ಅಂದರು. "ತಮ್ಮೂರ ಫೋನು ಇಲ್ಲಿ ಎತ್ತುತ್ತಾರೆ ಅಂತ ಅವರಿಗೆ ಗೊತ್ತಾದರೆ ಮುಗೀತು. ಯಾವ ಊರಿನೋರೂ ಒಪ್ಪಲ್ಲ."

ಜಯಂತಿ ಅವತ್ತು ಮನೆಗೆ ಹೋಗಿ ಉಣ್ಣದೆ ಮಲಗಿದಳು. ಅಜ್ಜಿ ಕಾರಣ ಕೇಳಿ ತಿಳಿದು, "ಹಸ ಹಿಡ್ದಿದ್ದು ತಪ್ಪಾ? ಬುಟ್ಟಿದ್ರೆ ತಪ್ಪು" ಅಂದರು. ಅದರಿಂದ ಅವಳಿಗೇನೂ ಸಮಾಧಾನ ಆಗಲಿಲ್ಲ.

ಮಾರನೇ ದಿನ ಕುರ್ಚಿಯಲ್ಲಿ ಕೂರೋಕೆ ಮೊದಲೇ ಫೋನ್ ಶುರುವಾಯಿತು. ಕಸದ ಲಾರಿಯ ದೂರಿಲ್ಲ, ಬೀದಿ ದೀಪದ ದೂರಿಲ್ಲ. ಎಲ್ಲರದೂ ಒಂದೇ ಪ್ರಶ್ನೆ. ಈಗ ನಿನ್ನ ಕಿಟಕಿಯಾಚೆ ಏನಿದೆ?

ಜಯಂತಿ ಹೆದರಿಕೊಂಡೇ ಹೇಳಿದಳು. ಬೆಂಗಳೂರಿಗೆ ಹೋಗೋ ಗುಲಾಬಿ ತುಂಬಿದ ಟೆಂಪೋ ಕೆಟ್ಟು ನಿಂತಿದೆ. ಕಂಪನಿ ಬಸ್ಸಿನಿಂದ ಶಿಫ್ಟ್ ಮುಗಿಸಿದವರು ಇಳೀತಿದ್ದಾರೆ. ಒಬ್ಬಾಕೆ ಮೆಣಸಿನಕಾಯಿ ಬೋಂಡಾ ಎಣ್ಣೆಗೆ ಬಿಡ್ತಿದ್ದಾಳೆ. ಮೆಣಸಿನಕಾಯಿಯನ್ನು ಇಡಿಯಾಗಿ ತಿಂತೀರಾ ಅಂತ ಕೇಳಿದವನು ನಂಬದೆ, ಹೆಂಡತಿಯನ್ನು ಕರೆದು ಮತ್ತೊಮ್ಮೆ ಹೇಳಿಸಿದ. ಊರಿನ ಪುಟ್ಟ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಸೇರುತ್ತಿದ್ದ ಮುದುಕರ ಗುಂಪೊಂದು, ಫೋನನ್ನು ಮೇಜಿನ ನಡುವೆ ಇಟ್ಟುಕೊಂಡು, ದಿನಾ ಇಷ್ಟು ಹೊತ್ತಿಗೆ ಕಿಟಕಿ ಸಮಾಚಾರ ಬೇಕೇ ಬೇಕು ಅಂತ ಗೊತ್ತು ಮಾಡಿಕೊಂಡಿತು. ಎಡ್ನಾ ಮಾತ್ರ ಕಿಟಕಿ ಬಗ್ಗೆ ಕೇಳಲಿಲ್ಲ.

"ಅಂದರೆ ಇಷ್ಟು ದಿನ ಸಂಜೆ ಊಟದ ಹೊತ್ತಿನಲ್ಲಿ ನಿನ್ನನ್ನು ಹಿಡಿದು ಕೂರಿಸ್ತಿದ್ದೆನಾ ನಾನು?" ಅಂದರು. "ಹೇಳಬಾರದಾಗಿತ್ತಾ ಮಗಳೇ?"

ಬಾವುಟದ ವಿಷಯ ಏನಾಯಿತು ಅಂತ ಜಯಂತಿ ತಾನೇ ಕೇಳಿ ಮಾತು ಬದಲಾಯಿಸಿದಳು.

ವಾರದ ಕೊನೆಗೆ ಲೊರೆಟ್ಟಾ ಫೋನ್ ಮಾಡಿದಳು. ಊರ ಸಭೆ ನಡೆದಿದೆ, ಬದರೀನಾಥ ಅವರೂ ಕೇಳಿಸಿಕೊಳ್ಳಲಿ ಅಂದಳು. ಬದರೀನಾಥ ಟೈ ಇಲ್ಲದಿದ್ದರೂ ಕೊರಳು ಸಡಿಲಿಸಿಕೊಳ್ಳೋ ಹಾಗೆ ಕಾಲರ್ ಎಳೆದುಕೊಂಡು ಜಯಂತಿ ಮೇಜಿನ ಹತ್ತಿರ ಬಂದು ನಿಂತರು.

"ಬರೋ ತಿಂಗಳು ನಮ್ಮೂರಲ್ಲಿ ಮುಸುಕಿನ ಜೋಳದ ಹಬ್ಬ" ಅಂದಳು ಲೊರೆಟ್ಟಾ. "ಮೇನ್ ಸ್ಟ್ರೀಟಿನಲ್ಲಿ ಮೆರವಣಿಗೆ ಆಗುತ್ತೆ. ಪ್ರತಿ ವರ್ಷ ಊರಿಗೆ ಬೇಕಾದ ಒಬ್ಬರನ್ನು ಎಲ್ಲರಿಗಿಂತ ಮುಂದೆ ಗಾಡಿಯಲ್ಲಿ ಕೂರಿಸ್ತೀವಿ. ಹೋದ ವರ್ಷ ಬೆಂಕಿ ಆರಿಸೋ ದಳದ ಯಜಮಾನ ಕೂತಿದ್ದ. ಈ ವರ್ಷ ಜಾಂಟಿ ಅಂತ ಸಭೆ ತೀರ್ಮಾನ ಮಾಡಿದೆ."

ಬದರೀನಾಥ ಕಾಲರ್ ಬಿಟ್ಟರು.

"ವಿರುದ್ಧ ಬಿದ್ದದ್ದು ಒಂದೇ ವೋಟು" ಅಂತ ಲೊರೆಟ್ಟಾ ಮುಂದುವರಿಸಿದಳು. "ಹುಂಜದ ದೂರಿನೋನದು. ಜಾಂಟಿ ತನ್ನ ಪರ ನಿಲ್ಲಲಿಲ್ಲ ಅಂತ ಅವನಿಗೆ ಸಿಟ್ಟು."

"ಆದರೆ ನಾನು ಬರೋದು ಹೇಗೆ?" ಅಂದಳು ಜಯಂತಿ.

"ವೇಯ್ನ್ ಟ್ರ್ಯಾಕ್ಟರ್ ಓಡಿಸ್ತಾನೆ. ಹಿಂದಿನ ಟ್ರೈಲರಿನಲ್ಲಿ ಹುಲ್ಲಿನ ಪಿಂಡಿ ಹಾಕಿ, ಮೇಲೆ ದೊಡ್ಡ ಟಿವಿ ಕಟ್ತೀವಿ. ಮುಂದೆ ಒಂದು ಕ್ಯಾಮೆರಾ. ನೀನು ಇಲ್ಲಿರ್ತೀಯ, ನಾವು ಅಲ್ಲಿರ್ತೀವಿ."

ಫೋನ್ ಇಟ್ಟ ಮೇಲೆ ಬದರೀನಾಥ, ಯಾವತ್ತೂ ಜೋರಾಗಿ ಮಾತಾಡದ ಮನುಷ್ಯ, ಎಲ್ಲರಿಗೂ ಬೋಂಡಾ ತರೋಕೆ ತಾವೇ ರಸ್ತೆ ದಾಟಿದರು. ಚಿಲ್ಲರೆ ತೆಗೆದುಕೊಳ್ಳೋದನ್ನೂ ಮರೆತು ಬಂದರು. ವಂಶಿ ಕುರ್ಚಿಯನ್ನು ಚಕ್ರದ ಮೇಲೆ ಗಿರಗಿರ ತಿರುಗಿಸಿದ. ಜಯಂತಿಗೆ ಕುರ್ಚಿ ತಿರುಗಿಸದೆಯೇ ತಲೆ ತಿರುಗುತ್ತಿತ್ತು.

ಮನೆಯಲ್ಲಿ ವಿಷಯ ತಿಳಿದ ಮುನಿಗಂಗಮ್ಮ ಒಂದೇ ಮಾತು ಹೇಳಿದರು. "ಮೆರವಣಿಗೆ ಅಂದ್ಮ್ಯಾಕೆ ಹೆಣ್ಣುಮಗೀನ ಒಬ್ಳೇ ಕಳ್ಸಕಾಯ್ತದಾ? ನಾನೂ ಬತ್ತೀನಿ."

"ಎಲ್ಲಿಗೂ ಹೋಗಲ್ಲ ಕಣಜ್ಜಿ. ಆಲಸನತ್ತಂನಾಗೇ ಕುಂತಿರ್ತೀನಿ."

"ಎಲ್ಲಿದ್ರೇನು, ಮೆರವಣಿಗೆ ಮೆರವಣಿಗೇನೇ. ದೇವರಾಜಾ, ನೀನೂ ಒಂದು ಒಳ್ಳೇ ಸಲ್ಟು ಇಕ್ಕೋ."

ಹಬ್ಬದ ಶನಿವಾರ ಬಂತು. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮೆರವಣಿಗೆ, ಅಂದರೆ ಇಲ್ಲಿ ಸಂಜೆ ಏಳೂವರೆಗೆ. ಬದರೀನಾಥ ಎರಡು ಕಡೆಯಿಂದ ಇಂಟರ್‌ನೆಟ್ ಎಳೆಸಿ, ಬ್ಯಾಟರಿ ತುಂಬಿಸಿಟ್ಟು, ಇದ್ದಬದ್ದ ದೇವರಿಗೆಲ್ಲ ಕೈಮುಗಿದಿದ್ದರು. ಗೋಡೆಗೆ ಕೆಂಪು ಗುಲಾಬಿ ಹಾರಗಳ ಸಾಲು. ಹೊಸೂರಿನಲ್ಲಿ ಗುಲಾಬಿಗೇನು ಬರ. ಜಯಂತಿ ಹಸಿರು ರೇಷ್ಮೆ ಸೀರೆಯಲ್ಲಿ ಕ್ಯಾಮೆರಾ ಮುಂದೆ ಕೂತಳು, ಪಕ್ಕದಲ್ಲಿ ಅಜ್ಜಿ. ಸಂಜೆ ಹಾಲು ಹಾಕಿ ಬಂದ ಚೆಲುವಮ್ಮ, ತನ್ನ ಹಸುವಿಗೆ ಅರಿಶಿನ ಕುಂಕುಮ ಇಟ್ಟು, ಕೊಂಬಿಗೆ ಬಲೂನು ಕಟ್ಟಿ, ಯಾರೂ ಹೇಳದಿದ್ದರೂ ಕಿಟಕಿಯಾಚೆ ತಂದು ನಿಲ್ಲಿಸಿಕೊಂಡಿದ್ದಳು. ದೇವರಾಜು ಒಳ್ಳೇ ಶರ್ಟು ಹಾಕಿಕೊಂಡು ಬಂದವನು ಬಾಗಿಲ ಹತ್ತಿರವೇ ನಿಂತ. ನಂಗೆ ಯಾಕೆ ಅದೆಲ್ಲ ಅಂದ.

ಪರದೆ ಬೆಳಗಿತು. ಎದುರಿಗೆ ಮೇನ್ ಸ್ಟ್ರೀಟ್.

ಜಯಂತಿ ಪರದೆಯ ಹತ್ತಿರಕ್ಕೆ ಜರುಗಿದಳು. ನಕ್ಷೆಯ ಗೆರೆಗಳಿಗೆ ಇಷ್ಟು ಬಿಸಿಲು ಇದೆ ಅಂತ ಅವಳು ಎಣಿಸಿರಲಿಲ್ಲ. ಇಲ್ಲಿ ಕತ್ತಲಾಗಿದ್ದರೆ ಅಲ್ಲಿ ಎಳೆ ಬಿಸಿಲು ಹಿತ್ತಾಳೆ ವಾದ್ಯಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಎರಡೂ ಬದಿ ಜನ, ಮಡಿಸೋ ಕುರ್ಚಿ ಹಾಕಿಕೊಂಡು ಕೂತವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು. ಟ್ರ್ಯಾಕ್ಟರ್ ಗುಡುಗಿತು. ವೇಯ್ನ್ ಹಿಂದೆ ತಿರುಗಿ ಟೋಪಿ ಎತ್ತಿದ. ಕೆಂಪು ಮುಖ, ಬಿಳೀ ಮೀಸೆ. ಅವನು ಚೆಲುವಮ್ಮನ ಹಸುವನ್ನು ನೋಡಬೇಕು ಅಂದ. ವಂಶಿ ಕ್ಯಾಮೆರಾವನ್ನು ಕಿಟಕಿ ಕಡೆ ತಿರುಗಿಸಿದ. ರಸ್ತೆಯ ಎರಡು ಬದಿಯೂ ಹೋ ಅಂತು. ಹಸು ಬಲೂನಿನ ಕಡೆ ನಾಲಿಗೆ ಚಾಚುತ್ತಿತ್ತು.

ಮೆರವಣಿಗೆ ಹೊರಟಿತು. ಜಯಂತಿ ಕೈ ಬೀಸಿದಳು. ಜನ ಕೈ ಬೀಸಿದರು. ಯಾರೋ "ಜಾಂಟಿ, ನಮ್ಮ ಬೀದಿ ದೀಪ ಸರಿಹೋಯ್ತು" ಅಂತ ಕೂಗಿದರು. ಇನ್ನೊಬ್ಬರು ತಮ್ಮ ನಾಯಿಯನ್ನು ಎತ್ತಿ ತೋರಿಸಿದರು. ಹೂವಿನ ಪಾತಿ ಕೆದರುತ್ತೆ ಅಂತ ದೂರು ಬರೆದುಕೊಂಡಾಗೆಲ್ಲ ಅದು ಆನೆಯಂಥ ನಾಯಿ ಅಂದುಕೊಂಡಿದ್ದಳು. ನೋಡಿದರೆ ಬೆಕ್ಕಿಗಿಂತ ಸ್ವಲ್ಪ ದೊಡ್ಡದು. ಅವಳಿಗೆ ನಗು ತಡೆಯಲಾಗಲಿಲ್ಲ. ಒಂದು ಸಲ ಶುರುವಾದ ನಗು ಆಮೇಲೆ ನಿಲ್ಲಲೇ ಇಲ್ಲ, ಕಂಡವರಿಗೆಲ್ಲ, ಕಂಡದ್ದಕ್ಕೆಲ್ಲ ಉಕ್ಕಿ ಉಕ್ಕಿ ಬಂತು.

ಅಷ್ಟರಲ್ಲಿ ಮುನಿಗಂಗಮ್ಮ ಮುಂದಕ್ಕೆ ಬಾಗಿದರು.

"ಏ ತಾಯಿ" ಅಂದರು ಪರದೆಗೆ, ಕೆರೆ ಆಚೆ ದಡಕ್ಕೆ ಕೇಳಿಸೋ ಹಾಗೆ. "ನೀನೇ, ನೀಲಿ ಬಟ್ಟೆಯೋಳು. ಮಗೀಗೆ ಬಿಸ್ಲು ಬಡೀತಾ ಐತೆ. ತಲೆ ಮ್ಯಾಲೆ ಏನಾರಾ ಹೊದ್ಸು."

ಟ್ರೈಲರಿನ ಸ್ಪೀಕರಿನಿಂದ ಅದು ಮೇನ್ ಸ್ಟ್ರೀಟ್ ತುಂಬಾ ಮೊಳಗಿತು. ವಾದ್ಯದವರು ನುಡಿಸೋದು ನಿಲ್ಲಿಸಿಬಿಟ್ಟರು. ಜಯಂತಿ ನಗುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ನೀಲಿ ಅಂಗಿಯ ತಾಯಿ ಗಾಬರಿಯಿಂದ ತನ್ನ ಟೋಪಿ ತೆಗೆದು ಮಗುವಿಗೆ ಹಾಕಿದಳು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು.

ಅಜ್ಜಿಗೆ ಅಷ್ಟು ಸಾಕಾಯಿತು. ಅಲ್ಲಿಂದ ಮೆರವಣಿಗೆ ಅವರದು. ಸಿಗರೇಟು ಸೇದುತ್ತಿದ್ದವನಿಗೆ ಅದನ್ನು ಬಿಸಾಕು ಅಂದರು, ಬಿಸಾಕಿದ. ಮುದುಕಪ್ಪನನ್ನು ನಿಲ್ಲಿಸಿ ತಾನು ಕೂತಿದ್ದ ಹುಡುಗಿಗೆ ಏಳು ಅಂದರು, ಎದ್ದಳು. ಕನ್ನಡ ಸಾಲದೆ ಬಂದ ಕಡೆ ತೆಲುಗೂ ತಮಿಳೂ ಸೇರಿಸಿದರು. ಯಾವುದನ್ನಾದರೂ ಹಿಡ್ಕೊಳ್ಳಲಿ ಅಂತ ಮೂರನ್ನೂ ಎಸೆದ ಹಾಗೆ. ಜೋಳದ ತೆನೆ ಎತ್ತಿ ತೋರಿಸಿದ ರೈತನಿಗೆ, ಇದು ಬಲಿತುಬುಟ್ಟದೆ, ಬೇಯಿಸಾಕೆ ವಾರದ ಮುಂಚೆ ಮುರೀಬೇಕಿತ್ತು ಅಂದರು. ಆ ರೈತ ಹೆಂಡತಿ ಕಡೆ ತಿರುಗಿದ, ಅವಳು ನಾನು ಹೇಳಲಿಲ್ಲವಾ ಅನ್ನೋ ಹಾಗೆ ಸೊಂಟದ ಮೇಲೆ ಕೈಯಿಟ್ಟಳು. ಅವರ ಹೆಸರೇನು ಅಂತ ಜನ ಕೇಳಿದರು. ಮುನಿ ಅಂದಳು ಜಯಂತಿ. ಬೀದಿ ಪೂರ್ತಿ "ಮುನಿ, ಮುನಿ" ಅಂತ ತಾಳ ಹಾಕಿತು. ವಾದ್ಯದವರು ಅದಕ್ಕೆ ಸರಿಯಾಗಿ ಡೋಲು ಬಡಿದರು.

"ಅಳಿಯಂದ್ರು ಒಳ್ಳೇರು" ಅಂದರು ಅಜ್ಜಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಹೇಳಿದ್ ಮಾತು ಕೇಳ್ತಾರೆ."

ಟ್ರ್ಯಾಕ್ಟರ್ ಮೂಲೆ ತಿರುಗಿತು. ಅಂಚೆ ಕಚೇರಿ, ಕಂಬ, ಬಾವುಟ. ಅದರ ಎದುರಿಗೆ ಬಿಳೀ ಬಣ್ಣದ ಪುಟ್ಟ ಮನೆ, ಜಗುಲಿಯ ಮೇಲೆ ಒಂದು ಕುರ್ಚಿ. ಜಯಂತಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿಲ್ಲಿಸಿ ವೇಯ್ನ್" ಅಂದಳು.

ಎಡ್ನಾ ಅಂದರೆ ಉದ್ದನೆಯ, ಗಟ್ಟಿ ಮೂಳೆಯ ಹೆಂಗಸು ಅಂತ ಅವಳ ಮನಸ್ಸಿನಲ್ಲಿತ್ತು, ಆ ದನಿ ಹಾಗಿತ್ತು. ಕುರ್ಚಿಯಲ್ಲಿ ಇದ್ದದ್ದು ಗುಬ್ಬಚ್ಚಿಯಂಥ ಮುದುಕಿ, ಕೆಂಪು ಟೋಪಿ, ತುಟಿಗೆ ಅದೇ ಬಣ್ಣ. ಟಿವಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಜಾಂಟಿ? ನೀನು ಎತ್ತರ ಇರ್ತೀಯ ಅಂದುಕೊಂಡಿದ್ದೆ."

"ನಾನೂ ನಿಮ್ಮನ್ನ ಹಾಗೇ ಅಂದುಕೊಂಡಿದ್ದೆ" ಅಂದಳು ಜಯಂತಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಉಳಿದರು. ಮೆರವಣಿಗೆ ಕಾಯುತ್ತಿತ್ತು. ಹಿಂದಿನ ಗಾಡಿಯೋರು ಹಾರನ್ ಹೊಡೆದರೆ ಮುಂದಿನವರು ಸುಮ್ಮನಿರಿಸಿದರು. ಆಮೇಲೆ ಎಡ್ನಾ ಎದ್ದರು. ಚಳಿಗಾಲದಿಂದ ಈಚೆಗೆ ಜಗುಲಿ ಇಳಿದಿರಲಿಲ್ಲವಂತೆ. ಊರುಗೋಲನ್ನು ಮೆಟ್ಟಿಲಿಗೆ ಊರಿ, ಒಂದೊಂದೇ ಹೆಜ್ಜೆ ಇಳಿದು ಬಂದು, ಟ್ರೈಲರ್ ಹತ್ತಿರ ನಿಂತು, "ನನಗೆ ಜಾಗ ಇದೆಯಾ?" ಅಂದರು.

ವೇಯ್ನ್ ಸೀಟಿನಿಂದ ಧುಮುಕಿದ. ಕಹಳೆ ಊದುತ್ತಿದ್ದ ಇಬ್ಬರು ಕಹಳೆ ನೆಲಕ್ಕಿಟ್ಟರು. ಮೂವರೂ ಸೇರಿ, ಹಾರ ಎತ್ತುವಷ್ಟು ಹಗುರಾಗಿ, ಎಡ್ನಾರನ್ನು ಎತ್ತಿ ಹುಲ್ಲಿನ ಪಿಂಡಿ ಮೇಲೆ ಟಿವಿಯ ಪಕ್ಕ ಕೂರಿಸಿದರು. ಎಡ್ನಾ ತೋಳು ಬಳಸಿ ಟಿವಿಯನ್ನು ಹಿಡಿದುಕೊಂಡರು. ಪರದೆಯ ಅಂಚಿನಲ್ಲಿ ಜಯಂತಿಗೆ ಕಾಣಿಸಿದ್ದು ಕೆಂಪು ಟೋಪಿಯ ಒಂದು ಚೂರು, ಒಂದು ಕಿವಿ, ಕಿವಿಯಲ್ಲೊಂದು ಮುತ್ತು. ಅವಳೂ ಅರಿವಿಲ್ಲದೆ ಆ ಕಡೆಗೆ ವಾಲಿ ಕೂತಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

"ಆ ಅವ್ವನ ವಯಸ್ಸೆಷ್ಟು ಕೇಳಮ್ಮಿ" ಅಂದರು ಅಜ್ಜಿ. ಕೇಳಿದಳು. "ಹಂಗಾರೆ ನಂಗೆ ಅಕ್ಕ ಆಗ್ಬೇಕು" ಅಂತ ಲೆಕ್ಕ ಹಾಕಿ, ಮುಂದಿನ ದಾರಿಯುದ್ದಕ್ಕೂ ಅಕ್ಕ ಅಕ್ಕ ಅಂತಲೇ ಮಾತಾಡಿದರು. ಎಡ್ನಾ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಜಯಂತಿ ಇಬ್ಬರ ನಡುವೆ ಮಾತು ದಾಟಿಸೋಕೆ ಹೋದರೆ ಇಬ್ಬರೂ ಅವಳಿಗೆ ಸುಮ್ಮನಿರು ಅಂದರು.

ಮೆರವಣಿಗೆ ಪಾರ್ಕಿಗೆ ಬಂದು ಮುಗಿಯಿತು. ಮೇಯರ್ ಎರಡು ಮಾತು ಹೇಳಿದರು, ಗಾಳಿಗೆ ಅದು ಕೇಳಿಸಲಿಲ್ಲ. ಬೆಂದ ಜೋಳದ ಹಂಡೆಗಳ ಮುಚ್ಚಳ ತೆಗೆದದ್ದೇ ತಡ, ಊರಿಗೆ ಊರೇ ಆ ಕಡೆ ನುಗ್ಗಿತು. ಎಡ್ನಾರನ್ನು ಕೈಹಿಡಿದು ಇಳಿಸಿಕೊಂಡು ಹೋದರು. ಆದರೆ ಟಿವಿ ಆರಿಸೋದನ್ನು ಎಲ್ಲರೂ ಮರೆತರು. ಪರದೆಯಲ್ಲಿ ಖಾಲಿ ಹುಲ್ಲುಹಾಸು, ಒಂದು ಮರ, ಅದರ ನೆರಳು.

"ಮುಗೀತಾ?" ಅಂದ ಬಾಗಿಲ ಹತ್ತಿರದಿಂದ ದೇವರಾಜು. "ಹಸಿವಾಯ್ತದೆ."

ಅಜ್ಜಿ ಮನೆಯಿಂದ ಬುತ್ತಿ ತಂದಿದ್ದರು. ಕಂಪ್ಯೂಟರ್ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ತಟ್ಟೆ ಹಾಕಿ, ರಾಗಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಬದರೀನಾಥ ಅವರಿಗೂ ಒಂದು ತಟ್ಟೆ. ಅವರು ಮುದ್ದೆಯನ್ನು ಚಮಚದಿಂದ ಕತ್ತರಿಸೋಕೆ ಹೊರಟಾಗ ಚೆಲುವಮ್ಮ ಕಿಟಕಿಯಿಂದಲೇ, "ಸಾಮಿ, ಅದು ಕೇಕಲ್ಲ" ಅಂದಳು. ದೇವರಾಜು ಕೂತ. ಮುದ್ದೆ ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಅಗಿಯದೆ ಒಂದೇ ಸಲಕ್ಕೆ ನುಂಗಿದ.

ಆಗ ಪರದೆಯಲ್ಲಿ ಯಾರೋ ಕೆಮ್ಮಿದರು.

ಡೋಲು ಬಡಿಯೋನು ಜೋಳದ ತೆನೆ ಹಿಡಿದು ನಿಂತಿದ್ದ. ಅವನ ಹಿಂದೆ ಕಹಳೆಯವರು, ಅವರ ಹಿಂದೆ ಹೋಟೆಲಿನ ಮುದುಕರ ಗುಂಪು. ಎಲ್ಲರೂ ಹುಲ್ಲಿನ ಮೇಲೆ ಕೂತು, ಸಿನಿಮಾ ನೋಡೋ ಹಾಗೆ ನೋಡುತ್ತಿದ್ದರು.

"ಜಾಂಟಿ, ಅವರು ಅದನ್ನು ಅಗಿಯಲೇ ಇಲ್ಲ" ಅಂದ ಡೋಲಿನವನು.

"ಅಗಿಯಬಾರದು" ಅಂದಳು ಜಯಂತಿ. "ಅಗಿದರೆ ಹಲ್ಲಿಗೆ ಅಂಟುತ್ತೆ."

"ಇನ್ನೊಂದು ಸಲ ತೋರಿಸ್ತಾರಾ?"

ಜಯಂತಿ ಅಪ್ಪನ ಕಡೆ ತಿರುಗಿ ಹೇಳಿದಳು. ದೇವರಾಜು ಕತ್ತೆತ್ತಿ ಪರದೆ ನೋಡಿದ. ಅಷ್ಟೂ ಕಣ್ಣು ಅವನ ಕೈ ಮೇಲೇ ಇದ್ದವು. ಕಿವಿ ಕೆಂಪಾಯಿತು, ಆದರೂ ಎದ್ದು ಹೋಗಲಿಲ್ಲ. ಶರ್ಟಿನ ತೋಳು ಮೇಲಕ್ಕೆ ಮಡಿಸಿ, ಮೊದಲಿಗಿಂತ ಸ್ವಲ್ಪ ದೊಡ್ಡ ತುತ್ತು ಉರುಟು ಮಾಡಿ, ಸಾರಿನಲ್ಲಿ ಅದ್ದಿ ಮೇಲೆತ್ತಿದ. ಮೇಪಲ್ ಬೆಂಡಿನ ಪಾರ್ಕಿನಲ್ಲಿ ಡೋಲು ಸಣ್ಣಗೆ ದರದರ ಶುರುವಾಗಿ ಜೋರಾಗುತ್ತಾ ಬಂತು. ತುತ್ತು ಗಂಟಲಿಗಿಳಿದಾಗ ಧಡ್ ಅಂತ ನಿಂತಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಜೋಳದ ಹಂಡೆ ಹತ್ತಿರ ಇದ್ದವರೂ ಏನಾಯಿತು ಅಂತ ಓಡಿ ಬಂದರು.

ದೇವರಾಜು ನಕ್ಕ. ಮಗಳು ಅವನು ಹಾಗೆ ಹಲ್ಲು ಬಿಟ್ಟು ನಕ್ಕಿದ್ದನ್ನು ಬಹಳ ಕಾಲದಿಂದ ನೋಡಿರಲಿಲ್ಲ.

"ಅವ್ವಾ" ಅಂದ, ತಟ್ಟೆ ಮುಂದಕ್ಕೆ ತಳ್ಳಿ, "ಇನ್ನೊಂದು ಮುದ್ದೆ ಇಕ್ಕು."